ಸಂಕಟಕಾಲದಲ್ಲಿ ಮೇಲ್ವಿಚಾರಕರ ಹೊಣೆ

ಬೆಲೆ ಏರಿದ ವರ್ಷ ಮಹಾಸಭೆಯಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ಬೆಲೆ ಕುಸಿದ ವರ್ಷ ಎಲ್ಲರೂ ಒಟ್ಟಿಗೇ ಎದ್ದುನಿಂತು ಕೇಳುತ್ತಾರೆ. ನಮ್ಮ ಸಹಕಾರಿ ಸಂಘಗಳಲ್ಲಿ ಇದು ಹಳೆಯ ಕಾಲದಿಂದ ನಡೆದುಬಂದ ಪದ್ಧತಿ. ಆದರೆ ಸಂಸ್ಥೆಯೊಂದರ ಕೆಡುಕು ಕಷ್ಟದ ವರ್ಷದಲ್ಲಿ ಬೆಳಕಿಗೆ ಬರುತ್ತದೆಯೇ ಹೊರತು ಅದರ ಬೀಜ ಬಿದ್ದಿರುವುದು ಎಲ್ಲರೂ ಸಂತೋಷವಾಗಿದ್ದ ವರ್ಷಗಳಲ್ಲಿ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕವನ್ನು ಬಲ್ಲ ಬೆಳೆಗಾರರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಎಲೆ ಹಳದಿಯಾಗುವ ಹೊತ್ತಿಗೆ ಹುಳ ಒಳಗಿನ ಕೆಲಸವನ್ನು ಬಹುಮಟ್ಟಿಗೆ ಮುಗಿಸಿರುತ್ತದೆ. ಆದ್ದರಿಂದಲೇ ಗಿಡ ಹಸಿರಾಗಿರುವಾಗಲೇ ಕಾಂಡ ಮುಟ್ಟಿ ನೋಡುವ ಆಳುಗಳನ್ನು ನಾವು ತೋಟಕ್ಕೆ ಬಿಡುತ್ತೇವೆ.

ಕಂಪೆನಿಗಳಲ್ಲಿ ಹಾಗೂ ಸಂಘಗಳಲ್ಲಿ ಈ ಕೆಲಸ ಮಾಡಬೇಕಾದವರು ಮೇಲ್ವಿಚಾರಣಾ ಮಂಡಲಿಯವರು. ಅವರು ಕಷ್ಟಕಾಲದಲ್ಲಿ ಹೇಗೆ ನಡೆದುಕೊಳ್ಳಬೇಕು, ಹೇಗೆ ನಡೆದುಕೊಳ್ಳಬಾರದು ಎಂಬುದಕ್ಕೆ ನಮ್ಮ ಕಾಲದಲ್ಲೇ ಎರಡು ದೊಡ್ಡ ನಿದರ್ಶನಗಳು ದೊರೆತಿವೆ. ಒಂದು ಜರ್ಮನಿಯ ವೈರ್‌ಕಾರ್ಡ್, ಮತ್ತೊಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್. ಎರಡೂ ತಂತ್ರಜ್ಞಾನದ ಕಂಪೆನಿಗಳು. ಕಾಫಿ, ಅಡಿಕೆ ಬೆಳೆಯುವವರಿಗೆ ಕಂಪ್ಯೂಟರ್ ಕಂಪೆನಿಗಳ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಈ ಕಂಪೆನಿಗಳಲ್ಲಿ ಎಡವಿದ್ದು ಕಂಪ್ಯೂಟರಿನ ವಿಷಯದಲ್ಲಿ ಅಲ್ಲವೇ ಅಲ್ಲ. ಬ್ಯಾಂಕಿನಲ್ಲಿ ಹಣ ಇದೆಯೇ ಇಲ್ಲವೇ ಎಂಬ, ಯಾವ ಸಣ್ಣ ಪತ್ತಿನ ಸಂಘದ ಸದಸ್ಯನೂ ಕೇಳಬಹುದಾದ ಪ್ರಶ್ನೆಯ ವಿಷಯದಲ್ಲಿ ಅವು ಎಡವಿದವು.

ಒಂದೇ ಮೂಲ

ಮೇಲ್ವಿಚಾರಣಾ ಮಂಡಲಿಯೆಂಬ ಏರ್ಪಾಡು ನಮಗೆ ಪರಕೀಯವೂ ಅಲ್ಲ. ಜರ್ಮನಿಯ ರೈಫೈಸನ್ ಎಂಬ ಮಹನೀಯರು 1864ರಲ್ಲಿ ಹೆಡ್ಡೆಸ್‌ಡೋರ್ಫ್ ಎಂಬಲ್ಲಿ ರೈತರ ಸಾಲದ ಸಂಘವನ್ನು ಕಟ್ಟಿದರು. ಆ ಮಾದರಿಯ ಸಂಘಗಳಲ್ಲಿ ವ್ಯವಹಾರ ನಡೆಸುವವರು ಒಂದು ಕಡೆ, ಅವರ ಮೇಲೆ ಕಣ್ಣಿಡುವವರು ಇನ್ನೊಂದು ಕಡೆ. 1889ರ ಜರ್ಮನ್ ಸಹಕಾರಿ ಕಾನೂನು ಈ ಮೇಲ್ವಿಚಾರಣಾ ಮಂಡಲಿಯನ್ನೂ ಹೊರಗಿನವರಿಂದ ಲೆಕ್ಕ ತಪಾಸಣೆಯನ್ನೂ ಕಡ್ಡಾಯ ಮಾಡಿತು. ಮದರಾಸು ಸರ್ಕಾರದ ಅಧಿಕಾರಿಯಾಗಿದ್ದ ಫ್ರೆಡರಿಕ್ ನಿಕಲ್ಸನ್ ಅವರು 1890ರ ದಶಕದಲ್ಲಿ ಯೂರೋಪಿನ ಗ್ರಾಮೀಣ ಬ್ಯಾಂಕುಗಳನ್ನು ಅಧ್ಯಯನ ಮಾಡಿ, ನಮ್ಮ ದೇಶಕ್ಕೂ ಇಂಥದೇ ದಾರಿ ಬೇಕೆಂದು ವರದಿ ಕೊಟ್ಟರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಆಧಿಪತ್ಯಕ್ಕೇ ಸೇರಿತ್ತು. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ನಾಯಕತ್ವದಲ್ಲಿ ನಮ್ಮ ನಾಡಿನ ಮೊದಲ ಸಂಘ ಹುಟ್ಟಿತು.

ಅದೇ ಜರ್ಮನಿಯಲ್ಲಿ ಷೇರು ಕಂಪೆನಿಗಳಿಗೆ 1870ರಲ್ಲೇ ಮೇಲ್ವಿಚಾರಣಾ ಮಂಡಲಿ ಕಡ್ಡಾಯವಾಗಿತ್ತು. ಅದುವರೆಗೆ ಕಂಪೆನಿ ತೆರೆಯಲು ಸರ್ಕಾರದ ಅಪ್ಪಣೆ ಬೇಕಿತ್ತು. ಆ ಅಪ್ಪಣೆಯನ್ನು ರದ್ದು ಮಾಡಿದಾಗ, ಅದರ ಬದಲಿಗೆ ಒಳಗೇ ಒಬ್ಬ ಕಾವಲುಗಾರನನ್ನು ಇರಿಸಬೇಕೆಂದು ಕಾನೂನು ವಿಧಿಸಿತು.

ಇಂದಿನ ಜರ್ಮನ್ ಕಾನೂನಿನ ಪ್ರಕಾರ ಈ ಕಾವಲುಗಾರನ ಅಧಿಕಾರ ಸಣ್ಣದೇನಲ್ಲ. ಕಂಪೆನಿ ನಡೆಸುವ ಆಡಳಿತಗಾರರನ್ನು ನೇಮಿಸುವುದೂ ತಕ್ಕ ಕಾರಣವಿದ್ದರೆ ತೆಗೆಯುವುದೂ ಮೇಲ್ವಿಚಾರಣಾ ಮಂಡಲಿಯೇ. ಒಂದು ನೇಮಕ ಹೆಚ್ಚೆಂದರೆ 5 ವರ್ಷಕ್ಕೆ. ಒಬ್ಬನೇ ವ್ಯಕ್ತಿ ಎರಡೂ ಮಂಡಲಿಗಳಲ್ಲಿ ಇರುವಂತಿಲ್ಲ. ಪುಸ್ತಕ, ಪತ್ರ, ನಗದು, ದಾಸ್ತಾನು ಯಾವುದನ್ನು ಬೇಕಾದರೂ ತೆರೆದು ನೋಡುವ ಹಕ್ಕು ಮಂಡಲಿಗೆ ಇದೆ. ಲೆಕ್ಕ ಪರಿಶೋಧಕರಿಗೆ ಕೆಲಸ ಒಪ್ಪಿಸುವುದು ಆಡಳಿತಗಾರರಲ್ಲ, ಈ ಮಂಡಲಿ. 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪೆನಿಗಳಲ್ಲಿ ಮಂಡಲಿಯ ಅರ್ಧ ಸ್ಥಾನಗಳು ನೌಕರರ ಪ್ರತಿನಿಧಿಗಳಿಗೆ ಎಂದು 1976ರ ಕಾನೂನು ಹೇಳುತ್ತದೆ. ಆದರೆ ದಿನನಿತ್ಯದ ವ್ಯವಹಾರಕ್ಕೆ ಮಂಡಲಿ ಕೈಹಾಕುವಂತಿಲ್ಲ. ಗಾಡಿ ಹೊಡೆಯುವವನು ಬೇರೆ, ಗಾಡಿ ಯಾವ ದಾರಿ ಹಿಡಿದಿದೆಯೆಂದು ನೋಡುವವನು ಬೇರೆ.

ಕಾಗದದ ಮೇಲೆ ಇಷ್ಟು ಚೆನ್ನಾಗಿರುವ ಏರ್ಪಾಡು ವೈರ್‌ಕಾರ್ಡಿನಲ್ಲಿ ಹೇಗೆ ಸೋತಿತು ಎಂಬುದನ್ನು ಈಗ ನೋಡೋಣ.

ವೈರ್‌ಕಾರ್ಡಿನ ಕಥೆ

ವೈರ್‌ಕಾರ್ಡ್ 1999ರಲ್ಲಿ ಆರಂಭವಾದ, ಮ್ಯೂನಿಕ್ ನಗರದ ಬಳಿಯ ಆಶ್‌ಹೈಮಿನಲ್ಲಿ ಕಚೇರಿಯಿದ್ದ ಕಂಪೆನಿ. ಗಿರಾಕಿ ಕಾರ್ಡಿನ ಮೂಲಕ ಕೊಟ್ಟ ಹಣವನ್ನು ವರ್ತಕನಿಗೆ ತಲುಪಿಸಿ, ನಡುವೆ ಸಣ್ಣ ಕಮಿಷನ್ ಪಡೆಯುವುದು ಅದರ ಕಸುಬು. 2002ರಿಂದ ಮಾರ್ಕುಸ್ ಬ್ರೌನ್ ಅದರ ಮುಖ್ಯಸ್ಥರು. 2018ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಅತಿ ದೊಡ್ಡ 30 ಕಂಪೆನಿಗಳ ಡಾಕ್ಸ್ ಪಟ್ಟಿಯಲ್ಲಿ ಹೆಸರಾಂತ ಕಾಮರ್ಜ್ ಬ್ಯಾಂಕನ್ನು ಹೊರದಬ್ಬಿ ಅದರ ಜಾಗದಲ್ಲಿ ಕುಳಿತಿತು. ಆಗ ಅದರ ಒಟ್ಟು ಷೇರುಗಳ ಬೆಲೆ ಸುಮಾರು 2,400 ಕೋಟಿ ಯೂರೋ.

ಎಚ್ಚರಿಕೆಯ ಗಂಟೆ ಬಾರಿಸದೆ ಇರಲಿಲ್ಲ. ಲಂಡನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ಡ್ಯಾನ್ ಮೆಕ್‌ಕ್ರಮ್ 2015ರಿಂದಲೇ ಕಂಪೆನಿಯ ಲೆಕ್ಕಗಳ ಬಗೆಗೆ ಸಂದೇಹ ಎತ್ತಿ ಬರೆದರು. ಅದೇ ವರ್ಷ ವೈರ್‌ಕಾರ್ಡ್ ಚೆನ್ನೈ ಮೂಲದ ಒಂದು ಪಾವತಿ ವ್ಯವಹಾರವನ್ನು ಒಟ್ಟು 34 ಕೋಟಿ ಯೂರೋವರೆಗಿನ ಬೆಲೆಗೆ ಕೊಳ್ಳುವುದಾಗಿ ಪ್ರಕಟಿಸಿತು. ಆದರೆ ಅದಕ್ಕೆ ಕೆಲವೇ ವಾರಗಳ ಹಿಂದೆ ಮಾರಿಷಸ್ ದ್ವೀಪದ ಒಂದು ನಿಧಿ ಅದೇ ವ್ಯವಹಾರವನ್ನು ಇದರ ಸಣ್ಣ ಪಾಲು ಬೆಲೆಗೆ ಕೊಂಡಿತ್ತೆಂದು ಮುಂದೆ ತಿಳಿದುಬಂತು. ಪಕ್ಕದ ತೋಟವನ್ನು ಹೋದ ತಿಂಗಳು ಒಬ್ಬ ಹತ್ತು ಲಕ್ಷಕ್ಕೆ ಕೊಂಡು ಈ ತಿಂಗಳು ನಮಗೆ ತೊಂಬತ್ತು ಲಕ್ಷಕ್ಕೆ ಮಾರಲು ಬಂದರೆ, ಆತ ಯಾರು, ನಡುವಿನ ಹಣ ಯಾರ ಕೈ ಸೇರುತ್ತದೆ ಎಂದು ನಮ್ಮಲ್ಲಿ ಯಾವ ಬೆಳೆಗಾರನೂ ಕೇಳದೆ ಇರುವುದಿಲ್ಲ. ಕಂಪೆನಿಯ ಕಾವಲುಗಾರರು ಕೇಳಬೇಕಾಗಿದ್ದುದೂ ಅಷ್ಟೇ.

ಆ ಕಾಲದ ಮೇಲ್ವಿಚಾರಣಾ ಮಂಡಲಿಯಲ್ಲಿ ಇದ್ದವರು ಬೆರಳೆಣಿಕೆಯ ಮಂದಿ. ಲೆಕ್ಕ ತಪಾಸಣೆಗೆಂದೇ ಒಂದು ಉಪಸಮಿತಿ 2019ರವರೆಗೆ ಇರಲಿಲ್ಲ. ಬ್ಯಾಂಕಿಂಗ್ ಅನುಭವವಿದ್ದ ಒಬ್ಬ ಸದಸ್ಯೆ, ಆಡಳಿತದ ರೀತಿ ಸರಿಯಿಲ್ಲವೆಂದು ಪತ್ರ ಬರೆದಿಟ್ಟು 2017ರ ಕೊನೆಗೆ ಹೊರನಡೆದರು. ಆ ಪತ್ರದ ಒಕ್ಕಣೆ ಷೇರುದಾರರಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಮಂಡಲಿಯಲ್ಲಿ ಪ್ರಶ್ನೆ ಕೇಳುವವರೇ ಹೊರಟುಹೋದರೆ ಉಳಿಯುವುದು ತಲೆಯಾಡಿಸುವವರು ಮಾತ್ರ.

2019ರ ಜನವರಿಯಲ್ಲಿ ಸಿಂಗಪುರ ಕಚೇರಿಯ ಲೆಕ್ಕದಲ್ಲಿ ಅಕ್ರಮವಿದೆಯೆಂದು ಪತ್ರಿಕೆ ಮತ್ತೆ ಬರೆಯಿತು. ಆಗ ನಡೆದದ್ದು ವಿಚಿತ್ರ. ಜರ್ಮನಿಯ ಹಣಕಾಸು ನಿಯಂತ್ರಣ ಸಂಸ್ಥೆಯಾದ ಬಾಫಿನ್, ಕಂಪೆನಿಯ ಪುಸ್ತಕಗಳನ್ನು ಬಿಚ್ಚಿಸುವ ಬದಲು, ಬೆಲೆ ಇಳಿಯುವುದೆಂದು ಎಣಿಸಿ ವೈರ್‌ಕಾರ್ಡ್ ಷೇರು ಮಾರುವ ವ್ಯವಹಾರವನ್ನು ಎರಡು ತಿಂಗಳು ನಿಷೇಧಿಸಿತು. ಪತ್ರಕರ್ತರ ಮೇಲೆಯೇ ದೂರು ಕೊಟ್ಟಿತು. ಕಂಪೆನಿ ಅದೇ ವರ್ಷ ಹೊರಗಿನಿಂದ 90 ಕೋಟಿ ಯೂರೋ ಬಂಡವಾಳ ಪಡೆಯುವ ಒಪ್ಪಂದ ಮಾಡಿಕೊಂಡಿತು, ಸೆಪ್ಟೆಂಬರಿನಲ್ಲಿ 50 ಕೋಟಿ ಯೂರೋ ಬಾಂಡುಗಳನ್ನು ಮಾರಿತು. ಪ್ರಶ್ನೆ ತಡವಾದ ಒಂದೊಂದು ತಿಂಗಳಿಗೂ ಹೊಸ ಸಾಲಗಾರರು ಸಿಕ್ಕಿಬಿದ್ದರು.

ಕೊನೆಗೆ 2019ರ ಅಕ್ಟೋಬರಿನಲ್ಲಿ, ಪತ್ರಿಕೆ ದಾಖಲೆಗಳನ್ನೇ ಅಚ್ಚು ಹಾಕಿದ ಮೇಲೆ, ಮೇಲ್ವಿಚಾರಣಾ ಮಂಡಲಿ ಕೆಪಿಎಂಜಿ ಸಂಸ್ಥೆಯಿಂದ ವಿಶೇಷ ತಪಾಸಣೆ ಮಾಡಿಸಲು ತೀರ್ಮಾನಿಸಿತು. 2020ರ ಜನವರಿಯಲ್ಲಿ ಥಾಮಸ್ ಐಖೆಲ್‌ಮನ್ ಮಂಡಲಿಯ ಅಧ್ಯಕ್ಷರಾದರು. ತಪಾಸಣೆಯಲ್ಲಿ ದೋಷವೇನೂ ಕಂಡಿಲ್ಲವೆಂಬ ಅರ್ಥ ಬರುವಂತೆ ಏಪ್ರಿಲ್ 22ರಂದು ಕಂಪೆನಿ ಪ್ರಕಟಣೆ ಕೊಟ್ಟಿತು. ಏಪ್ರಿಲ್ 28ರಂದು ಬಂದ ವರದಿಯಾದರೋ, 2016ರಿಂದ 2018ರವರೆಗಿನ ಲಾಭದ ಬಹುಭಾಗಕ್ಕೆ ಮೂಲವೆಂದು ಹೇಳಲಾದ ಹೊರಗಿನ ಪಾಲುದಾರರ ವ್ಯವಹಾರ ನಿಜವೆಂದು ಖಚಿತಪಡಿಸಲು ಆಗಲಿಲ್ಲವೆಂದು ಹೇಳಿತು.

ಅಲ್ಲಿಂದ ಮುಂದೆ ಎಲ್ಲವೂ ಕೆಲವೇ ವಾರಗಳಲ್ಲಿ ಮುಗಿಯಿತು. ಫಿಲಿಪ್ಪೀನ್ಸ್ ದೇಶದ ಎರಡು ಬ್ಯಾಂಕುಗಳಲ್ಲಿ 190 ಕೋಟಿ ಯೂರೋ ಇದೆಯೆಂದು ಪುಸ್ತಕ ಹೇಳುತ್ತಿತ್ತು. ಇದು ಕಂಪೆನಿಯ ಅಢಾವೆ ಪತ್ರಿಕೆಯ ಸುಮಾರು ಕಾಲುಭಾಗ. ಜೂನ್ 18ರಂದು, ಈ ಹಣಕ್ಕೆ ಆಧಾರ ದೊರೆಯಲಿಲ್ಲವೆಂದು ಲೆಕ್ಕ ಪರಿಶೋಧಕರಾದ ಇವೈ ಸಂಸ್ಥೆಯವರು ಸಹಿ ಮಾಡಲು ಒಪ್ಪಲಿಲ್ಲ. ಆ ಬ್ಯಾಂಕುಗಳು ತಮ್ಮ ಹೆಸರಿನ ಪತ್ರಗಳು ಸುಳ್ಳು, ವೈರ್‌ಕಾರ್ಡ್ ತಮ್ಮ ಗಿರಾಕಿಯೇ ಅಲ್ಲ ಎಂದವು. 19ರಂದು ಬ್ರೌನ್ ರಾಜೀನಾಮೆ ಕೊಟ್ಟರು. 22ರಂದು, ಆ ಹಣ ಬಹುಶಃ ಇಲ್ಲವೇ ಇಲ್ಲವೆಂದು ಕಂಪೆನಿಯೇ ಒಪ್ಪಿಕೊಂಡಿತು. 25ರಂದು ದಿವಾಳಿ ಅರ್ಜಿ. 17ರಂದು 100 ಯೂರೋಗೆ ಮೇಲಿದ್ದ ಷೇರು ಹತ್ತು ದಿನದೊಳಗೆ 2 ಯೂರೋಗೆ ಕೆಳಗಿಳಿದಿತ್ತು. ಎರಡನೆಯ ಸ್ಥಾನದಲ್ಲಿದ್ದ ಯಾನ್ ಮಾರ್ಸಲೆಕ್ ದೇಶ ಬಿಟ್ಟು ಪರಾರಿಯಾದರು. ಬ್ರೌನ್ ಅವರ ಮೇಲಿನ ಮೊಕದ್ದಮೆಯ ವಿಚಾರಣೆ 2022ರ ಡಿಸೆಂಬರಿನಲ್ಲಿ ಮ್ಯೂನಿಕ್ಕಿನಲ್ಲಿ ಆರಂಭವಾಯಿತು. ಅವರು ಆರೋಪಗಳನ್ನು ಅಲ್ಲಗಳೆದಿದ್ದಾರೆ.

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕಡೆಗಾಲದಲ್ಲಿ ಮೇಲ್ವಿಚಾರಣಾ ಮಂಡಲಿ ಜೇಮ್ಸ್ ಫ್ರೈಸ್ ಎಂಬ ಅಮೆರಿಕದ ಅನುಭವಿ ಅಧಿಕಾರಿಯನ್ನು ಕಾನೂನು ಪಾಲನೆಯ ಹೊಣೆಗೆ ನೇಮಿಸಿತು. ಅವರು ಕಚೇರಿಗೆ ಕಾಲಿಟ್ಟದ್ದು ಜೂನ್ 18ರಂದು. ಬ್ಯಾಂಕಿನ ದಾಖಲೆಗಳು ನಂಬತಕ್ಕವಲ್ಲವೆಂದು ತಿಳಿಯಲು ಅವರಿಗೆ ಒಂದು ದಿನ ಸಾಕಾಯಿತು. ವರ್ಷಗಟ್ಟಲೆ ಕಾಣದಿದ್ದುದು, ನೋಡಲೆಂದೇ ಬಂದ ಒಬ್ಬರಿಗೆ ಒಂದೇ ದಿನದಲ್ಲಿ ಕಂಡಿತು.

ಸತ್ಯಂನ ಮೊದಲ ಮಂಡಲಿ

ಇದಕ್ಕೆ ಹನ್ನೊಂದು ವರ್ಷ ಮೊದಲು ನಮ್ಮ ದೇಶದಲ್ಲೇ ಇದರ ಪಡಿಯಚ್ಚು ನಡೆದುಹೋಗಿತ್ತು. 1987ರಲ್ಲಿ ಸ್ಥಾಪಿತವಾದ ಸತ್ಯಂ ಕಂಪೆನಿಯ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ನಿರ್ದೇಶಕರಿಗೆ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಹುಲಿಯ ಬೆನ್ನೇರಿದವನಿಗೆ ಇಳಿಯುವ ದಾರಿ ಕಾಣದಂತಾಯಿತು ಎಂಬುದು ಅವರ ಮಾತಿನ ತಾತ್ಪರ್ಯ. 2015ರ ಏಪ್ರಿಲಿನಲ್ಲಿ ವಿಶೇಷ ನ್ಯಾಯಾಲಯ ರಾಜು ಮತ್ತು ಇತರ ಒಂಬತ್ತು ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಮೇಲ್ಮನವಿಯ ಮೇಲೆ ಶಿಕ್ಷೆ ಅಮಾನತಾಯಿತು.

ಸತ್ಯಂನ ನಿರ್ದೇಶಕ ಮಂಡಲಿಯಲ್ಲಿ ಯಾರು ಇರಲಿಲ್ಲ? ಹಾರ್ವರ್ಡಿನ ಪ್ರಾಧ್ಯಾಪಕರಿದ್ದರು, ಪೆಂಟಿಯಂ ಚಿಪ್ಪಿನ ಕೆಲಸಕ್ಕೆ ಹೆಸರಾದ ಇಂಜಿನಿಯರ್ ಇದ್ದರು, ಕೇಂದ್ರ ಸರ್ಕಾರದ ಮಾಜಿ ಸಂಪುಟ ಕಾರ್ಯದರ್ಶಿಯಿದ್ದರು. ಕಾನೂನಿಗೂ ಕೊರತೆಯಿರಲಿಲ್ಲ. ನಮ್ಮ ಕನ್ನಡಿಗರೇ ಆದ ನಾರಾಯಣ ಮೂರ್ತಿಯವರ ಅಧ್ಯಕ್ಷತೆಯ ಸೆಬಿ ಸಮಿತಿ 2003ರಲ್ಲೇ ಸ್ವತಂತ್ರ ನಿರ್ದೇಶಕರು, ಲೆಕ್ಕ ತಪಾಸಣಾ ಸಮಿತಿಗಳ ಬಗೆಗೆ ಸಲಹೆ ಕೊಟ್ಟಿತ್ತು. ಉತ್ತಮ ಆಡಳಿತಕ್ಕೆಂದು 2008ರಲ್ಲಿ ಸತ್ಯಂಗೆ ಪ್ರಶಸ್ತಿಯೂ ಬಂದಿತ್ತು. ಬಳಿಕ ಅದನ್ನು ಹಿಂದಕ್ಕೆ ಪಡೆದರು.

2008ರ ಡಿಸೆಂಬರ್ 16ರಂದು, ರಾಜು ಕುಟುಂಬದವರ ಹಿಡಿತದಲ್ಲಿದ್ದ ಮೇಟಾಸ್ ಎಂಬ ಎರಡು ಕಂಪೆನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳುವ ಪ್ರಸ್ತಾಪ ಮಂಡಲಿಯ ಮುಂದೆ ಬಂತು. ಕಂಪ್ಯೂಟರ್ ಕಂಪೆನಿ ಕಟ್ಟಡ, ಜಮೀನಿನ ವ್ಯವಹಾರ ಕೊಳ್ಳುವುದು ಏಕೆ, ಅದೂ ಅಧ್ಯಕ್ಷರ ಮಕ್ಕಳ ಸಂಸ್ಥೆಗಳನ್ನೇ ಏಕೆ? ಮಂಡಲಿ ಠರಾವನ್ನು ಅಂಗೀಕರಿಸಿತು. ಷೇರುದಾರರು ರಾತ್ರೋರಾತ್ರಿ ಸಿಡಿದೆದ್ದರು. ಬೆಳಗಾಗುವುದರೊಳಗೆ ಪ್ರಸ್ತಾಪ ವಾಪಸಾಯಿತು. ಮಂಡಲಿ ತಡೆಯಬೇಕಾಗಿದ್ದುದನ್ನು ಸದಸ್ಯರು ತಡೆದರು. ಆ ನಿರ್ದೇಶಕರು ಮೋಸದಲ್ಲಿ ಪಾಲುಗಾರರಾಗಿದ್ದರೆಂದು ನಾನು ಹೇಳುತ್ತಿಲ್ಲ. ಅವರು ಸಜ್ಜನರಾಗಿದ್ದರು, ವಿದ್ವಾಂಸರಾಗಿದ್ದರು. ಆದರೂ ಅಂದು ಬೇಡವೆನ್ನಲಿಲ್ಲ.

ಇನ್ನು ಲೆಕ್ಕ ಪರಿಶೋಧಕರ ಮಾತು. ಬ್ಯಾಂಕಿನಲ್ಲಿ ಇಷ್ಟು ಹಣವಿದೆಯೇ ಎಂದು ಕೇಳುವ ಪತ್ರವನ್ನು ಪರಿಶೋಧಕರು ತಾವೇ ಬ್ಯಾಂಕಿಗೆ ಕಳುಹಿಸಿ, ಉತ್ತರವನ್ನು ತಾವೇ ನೇರವಾಗಿ ಪಡೆಯಬೇಕು. ಇದು ಆ ಕಸುಬಿನ ಮೊದಲ ಪಾಠ. ಸತ್ಯಂನಲ್ಲಿ ಪತ್ರ ಕಳುಹಿಸುವುದನ್ನೂ ಉತ್ತರ ತರುವುದನ್ನೂ ಕಂಪೆನಿಯವರ ಕೈಗೇ ಬಿಟ್ಟಿದ್ದರೆಂದು ಅಮೆರಿಕದ ಷೇರು ನಿಯಂತ್ರಣ ಆಯೋಗ 2011ರಲ್ಲಿ ಹೇಳಿ, ಪರಿಶೋಧಕ ಸಂಸ್ಥೆಗಳಿಗೆ ದಂಡ ವಿಧಿಸಿತು. ವೈರ್‌ಕಾರ್ಡಿನಲ್ಲೂ ಕೆಲವು ವರ್ಷ ಬ್ಯಾಂಕನ್ನು ನೇರವಾಗಿ ಕೇಳದೆ, ನಡುವಿನವರು ಕೊಟ್ಟ ಕಾಗದಗಳನ್ನೇ ನಂಬಿದರೆಂದು ವರದಿಯಾಯಿತು. ಮೂಟೆ ತೂಗುವ ತಕ್ಕಡಿಯನ್ನು ಮಾರುವವನ ಕೈಗೇ ಕೊಟ್ಟು, ಅವನು ಹೇಳಿದ ತೂಕವನ್ನು ಬರೆದುಕೊಂಡಂತೆ ಆಯಿತು.

ಸತ್ಯಂನ ಎರಡನೆಯ ಮಂಡಲಿ

ಸತ್ಯಂ ಕಥೆಯ ಎರಡನೆಯ ಭಾಗ ನಮಗೆ ಹೆಚ್ಚು ಉಪಯುಕ್ತ. ರಾಜು ಪತ್ರ ಬಂದ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಕಂಪೆನಿ ಕಾನೂನು ಮಂಡಲಿಯ ಮುಂದೆ ಹೋಗಿ ಹಳೆಯ ನಿರ್ದೇಶಕ ಮಂಡಲಿಯನ್ನು ತೆಗೆಸಿತು. ಜನವರಿ 11ರಂದು ದೀಪಕ್ ಪಾರೇಖ್, ಕಿರಣ್ ಕಾರ್ಣಿಕ್, ಸಿ. ಅಚ್ಯುತನ್ ಇವರನ್ನು ನೇಮಿಸಿತು. ಬಳಿಕ ತರುಣ್ ದಾಸ್, ಟಿ. ಎನ್. ಮನೋಹರನ್, ಎಸ್. ಬಿ. ಮೈನಾಕ್ ಸೇರಿಕೊಂಡರು. ಇವರಲ್ಲಿ ಮನೋಹರನ್ ಅವರು ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಕೆನರಾ ಬ್ಯಾಂಕಿಗೆ 2015ರಲ್ಲಿ ಅಧ್ಯಕ್ಷರಾಗಿ ಬಂದವರು.

ಇವರ ಮುಂದಿದ್ದ ಪರಿಸ್ಥಿತಿಯನ್ನು ಊಹಿಸಿಕೊಳ್ಳಿ. ಸುಮಾರು 50 ಸಾವಿರ ನೌಕರರಿಗೆ ತಿಂಗಳ ಕೊನೆಗೆ ಸಂಬಳ ಕೊಡಬೇಕು. ಖಜಾನೆ ಖಾಲಿ. ಪುಸ್ತಕದ ಯಾವ ಅಂಕಿಯನ್ನೂ ನಂಬುವಂತಿಲ್ಲ. ವಿದೇಶದ ಗಿರಾಕಿಗಳು ಕೆಲಸವನ್ನು ಬೇರೆಯವರಿಗೆ ವಹಿಸಲು ಸಿದ್ಧರಾಗಿದ್ದಾರೆ.

ಅವರು ಮಾಡಿದ ಕೆಲಸಗಳ ಕ್ರಮವನ್ನು ನೋಡಬೇಕು. ಮೊದಲು, ಬರಬೇಕಾದ ಬಾಕಿಗಳನ್ನು ವಸೂಲು ಮಾಡಿಸಿ ಸಂಬಳ ತಪ್ಪದಂತೆ ನೋಡಿಕೊಂಡರು. ಬ್ಯಾಂಕುಗಳಿಂದ 600 ಕೋಟಿ ರೂಪಾಯಿ ಸಾಲದ ಏರ್ಪಾಡು ಮಾಡಿದರು. ಗಿರಾಕಿಗಳಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಭರವಸೆ ಕೊಟ್ಟರು. ಹಳೆಯ ಲೆಕ್ಕವನ್ನು ಮತ್ತೆ ಬರೆಯಲು ಬೇರೆ ಪರಿಶೋಧಕರನ್ನು ಕರೆತಂದರು. ಫೆಬ್ರವರಿಯಲ್ಲಿ ಕಂಪೆನಿಯಲ್ಲೇ ದುಡಿದು ಬೆಳೆದ ಎ. ಎಸ್. ಮೂರ್ತಿಯವರನ್ನು ಮುಖ್ಯಾಧಿಕಾರಿಯಾಗಿ ಆರಿಸಿದರು. ತಾವೇ ಆ ಕುರ್ಚಿಯಲ್ಲಿ ಕೂರಲಿಲ್ಲ. ಕಂಪೆನಿಯನ್ನು ಹೊಸ ಯಜಮಾನರಿಗೆ ಒಪ್ಪಿಸುವ ಹರಾಜಿಗೆ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಭರೂಚಾ ಅವರ ಮೇಲ್ವಿಚಾರಣೆ ಪಡೆದರು. ಏಪ್ರಿಲ್ 13ರಂದು ಟೆಕ್ ಮಹೀಂದ್ರಾ ಷೇರಿಗೆ 58 ರೂಪಾಯಿಯಂತೆ ಗೆದ್ದುಕೊಂಡಿತು. ಮಂಡಲಿ ಬಂದು ನೂರು ದಿನವೂ ಆಗಿರಲಿಲ್ಲ.

ವೈರ್‌ಕಾರ್ಡ್ ತುಂಡುತುಂಡಾಗಿ ಮಾರಾಟವಾಯಿತು, ಸತ್ಯಂ ಉಳಿಯಿತು. ಸತ್ಯಂನಲ್ಲಿ ನಿಜವಾದ ಕೆಲಸ, ನಿಜವಾದ ಗಿರಾಕಿಗಳು ಇದ್ದರೆಂಬುದು ದೊಡ್ಡ ಕಾರಣ. ಆದರೆ ಆ ನಿಜವಾದ ಭಾಗ ಕೈಜಾರಿ ಹೋಗುವ ಮೊದಲೇ ಅದನ್ನು ಹಿಡಿದು ನಿಲ್ಲಿಸಿದ್ದು ಈ ಮಂಡಲಿ.

ಮೂರು ಆಕ್ಷೇಪಗಳು

ಪ್ರಶ್ನೆ ಕೇಳುವ ಮಂಡಲಿ ಬೇಕೆಂದಾಗ ನಮ್ಮಲ್ಲಿ ಮೂರು ಆಕ್ಷೇಪಗಳು ಬರುವುದುಂಟು.

ಮೊದಲನೆಯದು, ಪ್ರಶ್ನೆ ಕೇಳಿದರೆ ಕಾರ್ಯದರ್ಶಿ, ವ್ಯವಸ್ಥಾಪಕರ ಮೇಲೆ ಅಪನಂಬಿಕೆ ತೋರಿಸಿದಂತೆ ಆಗುತ್ತದೆ ಎಂಬುದು. ಅಡಿಕೆ ತೂಗುವಾಗ ನಾವೆಲ್ಲರೂ ಮುಳ್ಳನ್ನು ನೋಡುತ್ತೇವೆ. ತೂಗುವವನು ಬೇಸರ ಪಟ್ಟುಕೊಳ್ಳುವುದಿಲ್ಲ. ಎಲ್ಲರ ತೂಕವನ್ನೂ ಪ್ರತಿಸಲವೂ ನೋಡುವುದರಿಂದಲೇ ಅದು ಅವಮಾನವಾಗುವುದಿಲ್ಲ. ಸಂದೇಹ ಬಂದ ಮೇಲೆ ಒಬ್ಬನನ್ನೇ ಹಿಡಿದು ಕೇಳಿದರೆ ಅವಮಾನ. ಆದ್ದರಿಂದ ತಪಾಸಣೆ ನಿಯಮವಾಗಬೇಕು, ಪ್ರತಿವರ್ಷ ತಪ್ಪದೆ ನಡೆಯಬೇಕು. ಪ್ರಾಮಾಣಿಕ ನೌಕರನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಎರಡನೆಯದು, ಕಷ್ಟಕಾಲದಲ್ಲಿ ಎಲ್ಲರೂ ಆಡಳಿತದ ಬೆನ್ನಿಗೆ ನಿಲ್ಲಬೇಕು, ಮನೆಯ ಮಾತು ಬೀದಿಗೆ ಬರಬಾರದು ಎಂಬುದು. 2019ರಲ್ಲಿ ಜರ್ಮನಿಯಲ್ಲಿ ನಡೆದದ್ದು ಇದೇ. ದೇಶದ ಹೆಮ್ಮೆಯ ಕಂಪೆನಿಯ ಮೇಲೆ ಹೊರಗಿನವರ ದಾಳಿಯೆಂದು ಹಲವರು ಭಾವಿಸಿದರು. ಮೇಲ್ವಿಚಾರಕರ ನಿಷ್ಠೆ ಸಂಸ್ಥೆಗೆ ಸಲ್ಲಬೇಕು. ಅದನ್ನು ನಡೆಸುವ ವ್ಯಕ್ತಿಗೆ ಸಲ್ಲಬೇಕಾದುದು ಸೌಜನ್ಯ ಮಾತ್ರ. ಇವೆರಡೂ ಬೇರೆಬೇರೆಯೆಂದು ಒಳ್ಳೆಯ ಕಾಲದಲ್ಲಿ ತೋರುವುದಿಲ್ಲ, ಕೆಟ್ಟ ಕಾಲದಲ್ಲಿ ತೋರುತ್ತದೆ. ಹೊರಗಿನವರು ಸುಳ್ಳು ಆರೋಪ ಮಾಡಿದಾಗ ಎದೆತಟ್ಟಿ ಉತ್ತರಿಸಬೇಕಾದರೂ, ಮಂಡಲಿ ತಾನೇ ಮೊದಲು ನೋಡಿ ತಿಳಿದಿರಬೇಕು. ನೋಡದೆ ಸಮರ್ಥಿಸಿಕೊಳ್ಳುವವನ ಮಾತಿಗೆ ಬೆಲೆಯಿಲ್ಲ.

ಮೂರನೆಯದು, ಬೆಳೆಗಾರರಾದ ನಮಗೆ ಈಗಿನ ವ್ಯವಹಾರ, ಕಂಪ್ಯೂಟರ್ ಲೆಕ್ಕ ಎಲ್ಲಿ ಅರ್ಥವಾಗಬೇಕು ಎಂಬುದು. ಸತ್ಯಂನ ಮೊದಲ ಮಂಡಲಿಯಲ್ಲಿ ತಜ್ಞರಿಗೆ ಕೊರತೆಯಿರಲಿಲ್ಲ. ತಿಳಿವಳಿಕೆ ಬೇಕು ನಿಜ. ಜರ್ಮನಿಯಲ್ಲಿ 2021ರ ಜುಲೈಯಿಂದ ಷೇರುಪೇಟೆಯ ಕಂಪೆನಿಗಳಲ್ಲಿ ಲೆಕ್ಕ ತಪಾಸಣಾ ಸಮಿತಿ ಕಡ್ಡಾಯವಾಗಿದೆ, ಮಂಡಲಿಯಲ್ಲಿ ಲೆಕ್ಕಪತ್ರ ಬಲ್ಲವರೊಬ್ಬರು, ಲೆಕ್ಕ ಪರಿಶೋಧನೆ ಬಲ್ಲವರೊಬ್ಬರು ಇರಲೇಬೇಕೆಂದು ಕಾನೂನಾಗಿದೆ. ನಮ್ಮಲ್ಲೂ 2013ರ ಕಂಪೆನಿ ಕಾನೂನು ಪರಿಶೋಧಕ ಸಂಸ್ಥೆಗಳನ್ನು ನಿಯತವಾಗಿ ಬದಲಿಸುವಂತೆ ವಿಧಿಸಿದೆ. ಆದರೆ ಇದೆಲ್ಲ ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ್ದು. ಹಣ ಎಲ್ಲಿದೆ, ಸರಕು ಎಲ್ಲಿದೆ, ಮಾರುವವನು ಯಾರು, ಕೊಳ್ಳುವವನು ಯಾರು ಎಂಬ ನಾಲ್ಕು ಪ್ರಶ್ನೆ ಕೇಳಲು ಪದವಿ ಬೇಕಾಗಿಲ್ಲ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆಂದು ಹೇಳಿ ಮತ್ತೆ ಕೇಳುವ ಧೈರ್ಯ ಬೇಕು.

ನಾವು ಮಾಡಬಹುದಾದದ್ದು

ಈ ಎರಡು ಕಥೆಗಳಿಂದ ನಮ್ಮಂಥ ಸಂಘಗಳು ಖರ್ಚಿಲ್ಲದೆ ತೆಗೆದುಕೊಳ್ಳಬಹುದಾದ ಐದು ಕ್ರಮಗಳನ್ನು ಸದಸ್ಯರ ಪರಿಶೀಲನೆಗಾಗಿ ಸೂಚಿಸುತ್ತೇನೆ.

ಒಂದು, ವರ್ಷಾಂತ್ಯದ ಬ್ಯಾಂಕ್ ಶಿಲ್ಕು ಮತ್ತು ಮುದ್ದತು ಠೇವಣಿಗಳ ದೃಢೀಕರಣ ಪತ್ರ ಬ್ಯಾಂಕಿನಿಂದ ನೇರವಾಗಿ ಲೆಕ್ಕ ಪರಿಶೋಧಕರಿಗೂ ನಿರ್ದೇಶಕರ ಉಪಸಮಿತಿಗೂ ಬರಬೇಕು. ಕಚೇರಿಯ ಕೈ ದಾಟಿ ಬಂದ ಪತ್ರ ಸಾಲದು.

ಎರಡು, ವರ್ಷಕ್ಕೆ ಎರಡು ಬಾರಿಯಾದರೂ ಮುನ್ಸೂಚನೆಯಿಲ್ಲದೆ ಗೋದಾಮಿನ ಮೂಟೆಗಳನ್ನು ಎಣಿಸಬೇಕು. ಎಣಿಸುವ ನಿರ್ದೇಶಕರು ಬೇರೆ ಶಾಖೆಯ ವ್ಯಾಪ್ತಿಯವರಾಗಿರಬೇಕು. ಎಲ್ಲ ಶಾಖೆಗಳಿಗೂ ಇದೇ ನಿಯಮ ಅನ್ವಯಿಸಬೇಕು.

ಮೂರು, ಲೆಕ್ಕ ಪರಿಶೋಧಕರು ವರದಿ ಕೊಡುವ ಮುನ್ನ, ಕಾರ್ಯದರ್ಶಿ, ವ್ಯವಸ್ಥಾಪಕರು ಇಲ್ಲದ ಸಭೆಯಲ್ಲಿ ಅರ್ಧ ಗಂಟೆ ನಿರ್ದೇಶಕರೊಡನೆ ಮಾತನಾಡಬೇಕು. ಯಾರ ಎದುರಿಗೂ ಹೇಳಲಾಗದ ಮಾತು ಅಲ್ಲಿ ಬರುತ್ತದೆ. ಹೇಳತಕ್ಕದ್ದು ಏನೂ ಇಲ್ಲದಿದ್ದರೆ ಅದೂ ಸಂತೋಷವೇ.

ನಾಲ್ಕು, ನಿರ್ದೇಶಕರ ಅಥವಾ ನೌಕರರ ಬಂಧುಗಳೊಡನೆ ಸಂಘ ನಡೆಸುವ ಯಾವ ಖರೀದಿ, ಬಾಡಿಗೆ, ಗುತ್ತಿಗೆಯಾದರೂ ಪ್ರತ್ಯೇಕ ಠರಾವಾಗಿ ಬರಬೇಕು. ಸಂಬಂಧಪಟ್ಟವರು ಆಗ ಎದ್ದು ಹೊರಗೆ ಹೋಗಬೇಕು. ಮೇಟಾಸ್ ಪ್ರಸಂಗದ ಪಾಠ ಇದು.

ಐದು, ವಿರೋಧ ವ್ಯಕ್ತಪಡಿಸಿದ ನಿರ್ದೇಶಕರ ಹೆಸರು ಮತ್ತು ಕಾರಣ ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು. ಅವಧಿಗೆ ಮುಂಚೆ ರಾಜೀನಾಮೆ ಕೊಡುವ ನಿರ್ದೇಶಕರ ಪತ್ರವನ್ನು ಮುಂದಿನ ಮಹಾಸಭೆಯಲ್ಲಿ ಓದಿ ಹೇಳಬೇಕು. ವೈರ್‌ಕಾರ್ಡಿನ ಆ ಸದಸ್ಯೆಯ ಪತ್ರವನ್ನು 2018ರ ಷೇರುದಾರರ ಸಭೆಯಲ್ಲಿ ಓದಿದ್ದರೆ ಆಮೇಲೆ ಸಾಲ ಕೊಟ್ಟವರಲ್ಲಿ ಎಷ್ಟೋ ಮಂದಿ ಉಳಿದುಕೊಳ್ಳುತ್ತಿದ್ದರು.

ಇವೆಲ್ಲವೂ ಆದರೂ ಕೊನೆಗೆ ಮಂಡಲಿಯ ಗುಣ ಅದರಲ್ಲಿ ಕೂರುವ ಜನರ ಗುಣವೇ. ಚುನಾವಣೆ ಬಂದಾಗ ನಾವು ಯಾರನ್ನು ಆರಿಸುತ್ತೇವೆ? ಸಾಲ ಬೇಗ ಮಂಜೂರು ಮಾಡಿಸುವವರನ್ನು, ನಮ್ಮ ಹೋಬಳಿಗೆ ಖರೀದಿ ಕೇಂದ್ರ ತರುವವರನ್ನು, ಮದುವೆ ಮುಂಜಿಗೆ ತಪ್ಪದೆ ಬರುವವರನ್ನು ಆರಿಸುತ್ತೇವೆ. ಇವೆಲ್ಲ ಒಳ್ಳೆಯ ಗುಣಗಳೇ. ಆದರೆ ಸಭೆಯಲ್ಲಿ ಎಲ್ಲರೂ ಕೈ ಎತ್ತಿದಾಗ ಒಬ್ಬರೇ ಕೈ ಎತ್ತದೆ ಕುಳಿತು, ಬ್ಯಾಂಕಿನ ಕಾಗದವನ್ನೊಮ್ಮೆ ತೋರಿಸಿ ಎಂದು ಕೇಳಬಲ್ಲವರು ಮಂಡಲಿಯಲ್ಲಿ ಇಬ್ಬರಾದರೂ ಇರಬೇಕು. ಅಂಥವರು ಸಾಮಾನ್ಯವಾಗಿ ಜನಪ್ರಿಯರಾಗಿರುವುದಿಲ್ಲ. ಅವರನ್ನು ಆರಿಸುವ ಕೆಲಸ ಸದಸ್ಯರಾದ ನಮ್ಮದು, ಮತ್ತು ಅದನ್ನು ಬೆಲೆ ಚೆನ್ನಾಗಿರುವ ವರ್ಷದಲ್ಲೇ ಮಾಡಬೇಕು.